ತಿಮಿಂಗಿಲ ಹೋದ ದಾರಿಯಲ್ಲೇ ನಡೆದೆ: ಗ್ರಿಟ್ವಿಕೆನ್‌ನಲ್ಲಿ ಮೂರು ಗಂಟೆ

ಅಂಟಾರ್ಕ್ಟಿಕಾದ ಕಡೆ, ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಇಳಿಯುವ ಹಿಂದಿನ ದಿನ ಮಧ್ಯಾಹ್ನವೆಲ್ಲ ಸೂಜಿ, ಚಿಮುಟ ಹಿಡಿದು ಕೂತಿದ್ದೆ. ಜಾಕೆಟ್ಟಿನ ವೆಲ್ಕ್ರೋ, ಜೇಬಿನ ಮೂಲೆ, ಬೂಟಿನ ಸಂದಿ ಎಲ್ಲ ಕೆದಕಿದೆ. ಹೊರಗಿನ ಒಂದು ಹುಲ್ಲಿನ ಬೀಜವೂ ಅಲ್ಲಿಗೆ ಹೋಗಬಾರದು. ನನ್ನ ಕ್ಯಾಮೆರಾ ಬ್ಯಾಗಿನ ತಳದಲ್ಲೇ ಎರಡು ಸಿಕ್ಕವು. ವರ್ಷಗಟ್ಟಲೆ ದುಡಿದು ಇಲಿಗಳನ್ನು ತೆಗೆದು, 2018ರಲ್ಲಿ ದ್ವೀಪವನ್ನು ಇಲಿಮುಕ್ತ ಎಂದು ಘೋಷಿಸಿದ್ದಾರೆ. ಅದರ ಮುಂದೆ ನನ್ನ ಒಂದು ಮಧ್ಯಾಹ್ನ ಯಾವ ಲೆಕ್ಕ? ನೀವು ಹೋಗುವುದಾದರೆ ಬ್ಯಾಗನ್ನು ಮನೆಯಲ್ಲೇ ಚೆನ್ನಾಗಿ ಕೊಡವಿ, ಒರೆಸಿಕೊಂಡು ಹೋಗಿ.

ನಮ್ಮ ಹಡಗಿನ ಬಹಳ ಜನ ಇಳಿದ ಕೂಡಲೇ ಅಂಟಾರ್ಕ್ಟಿಕ್ ಅನ್ವೇಷಕ ಶ್ಯಾಕಲ್ಟನ್ ಸಮಾಧಿಯ ಕಡೆ ನಡೆದರು. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಗ್ರಿಟ್ವಿಕೆನ್ ಈ ದ್ವೀಪದ ಹಳೆಯ ತಿಮಿಂಗಿಲ ಬೇಟೆಯ ಠಾಣೆ. ಸುಮ್ನೆ ಅಡ್ಡಾಡಿದರೆ ಅದು ತುಕ್ಕು ಹಿಡಿದ ಕಬ್ಬಿಣದ ರಾಶಿಯಂತೆ ಕಾಣುತ್ತದೆ. ಒಂದು ತಿಮಿಂಗಿಲ ಇಲ್ಲಿ ಹೇಗೆ ಹೋಗುತ್ತಿತ್ತೋ ಅದೇ ದಾರಿ ಹಿಡಿದರೆ ಎಲ್ಲ ಅರ್ಥವಾಗುತ್ತದೆ.

ಶುರು ಮಾಡಿದ್ದು 'ಪೆಟ್ರೆಲ್' ಹತ್ತಿರ. 1928ರ ಬೇಟೆ ಹಡಗು, ಈಗ ದಡಕ್ಕೆ ಒರಗಿ ನಿಂತಿದೆ. ಮೂತಿಯಲ್ಲಿ ಈಟಿ ಹಾರಿಸುವ ಹಾರ್ಪೂನ್ ಬಂದೂಕು ಇನ್ನೂ ಇದೆ. ಅಲ್ಲಿಂದ ನೀರಂಚಿನ ಬಯಲಿಗೆ ಬಂದೆ. ಕೊಂದ ತಿಮಿಂಗಿಲವನ್ನು ವಿಂಚ್ ಕಟ್ಟಿ ಎಳೆದು ಹಾಕುತ್ತಿದ್ದದ್ದು ಇಲ್ಲೇ. ಹಾಕಿ ಆಟದ ಕೋಲಿನಷ್ಟು ಉದ್ದದ ಹಿಡಿಯ ಕತ್ತಿಗಳಿಂದ ಸೀಳಿ, ಕೊಬ್ಬನ್ನು ಪಟ್ಟಿಪಟ್ಟಿಯಾಗಿ ಸುಲಿಯುತ್ತಿದ್ದರು. ಕೊಬ್ಬು ಒಂದು ಕಡೆ, ಮಾಂಸ ಇನ್ನೊಂದು ಕಡೆ, ಮೂಳೆ ಮತ್ತೊಂದು ಕಡೆ ಹಬೆಯಲ್ಲಿ ಬೇಯಲು ಹೋಗುತ್ತಿತ್ತು. ಎಣ್ಣೆ ಟ್ಯಾಂಕಿಗೆ, ಉಳಿದ ಚರಟ ಒಣಗಿಸಿ ಪುಡಿಗೆ. ಆ ಎಣ್ಣೆ ಸಾಬೂನು, ಮಾರ್ಗರೀನ್ ಆಗಿ ಯುರೋಪಿನ ಮನೆಮನೆ ಸೇರಿತು.

ಆಸ್ಬೆಸ್ಟಾಸ್ ತೆಗೆಯಲು 2003-04ರಲ್ಲಿ ಇಲ್ಲಿನ ಗೋಡೆ, ಚಾವಣಿ ಕಿತ್ತರು. ಹಾಗಾಗಿ ಬಾಯ್ಲರ್, ಬೇಯಿಸುವ ದೊಡ್ಡ ಉರುಳೆಗಳು ಬಯಲಲ್ಲೇ ನಿಂತಿವೆ. ಒಂದರ ಪಕ್ಕ ನಿಂತಾಗ ನನ್ನ ತಲೆ ಅದರ ಅರ್ಧಕ್ಕೂ ಬರಲಿಲ್ಲ. ಇಷ್ಟು ದೊಡ್ಡ ಪಾತ್ರೆ ತುಂಬಿಸಲು ಎಷ್ಟು ಜೀವ ಬೇಕಾಯಿತು ಅಂತ ಹೊಟ್ಟೆ ಕಿವುಚಿತು. ನಾರ್ವೆಯ ಕಾರ್ಲ್ ಆಂಟನ್ ಲಾರ್ಸೆನ್ 1904ರಲ್ಲಿ ಈ ಠಾಣೆ ಕಟ್ಟಿದ. ಅಂದಿನಿಂದ 1960ರ ದಶಕದವರೆಗೆ ದ್ವೀಪದ ಎಲ್ಲ ಠಾಣೆಗಳೂ ಸೇರಿ ಕರಗಿಸಿದ್ದು 1,75,000ಕ್ಕೂ ಜಾಸ್ತಿ ತಿಮಿಂಗಿಲ. ಗ್ರಿಟ್ವಿಕೆನ್ ಅಂದರೆ 'ಕಡಾಯಿಗಳ ಕೊಲ್ಲಿ'. ಅದಕ್ಕೂ ಹಿಂದಿನ ಬೇಟೆಗಾರರು ಕೊಬ್ಬು ಕಾಯಿಸುತ್ತಿದ್ದ ಕಡಾಯಿಗಳು ಇಲ್ಲಿ ಸಿಕ್ಕಿದ್ದರಿಂದ ಆ ಹೆಸರು.

ಹಕ್ಕಿಜ್ವರದ ಭಯ ಇರುವುದರಿಂದ ನೆಲಕ್ಕೆ ಮಂಡಿಯೂರುವಂತಿಲ್ಲ, ಬ್ಯಾಗ್ ಇಡುವಂತಿಲ್ಲ. ಫೋಟೋ ಎಲ್ಲ ನಿಂತೇ ತೆಗೆದೆ. ಯಂತ್ರಗಳ ನಡುವೆ ಆನೆಸೀಲ್‌ಗಳು ಮಲಗಿರುತ್ತವೆ, ಸುತ್ತಿಕೊಂಡೇ ಹೋಗಬೇಕು.

ಮ್ಯೂಸಿಯಂಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ, ಸಾಲಲಿಲ್ಲ. ಅಲ್ಲಿನ ಒಬ್ಬರನ್ನು ಕೇಳಿದೆ, ತಿಮಿಂಗಿಲಗಳು ಮತ್ತೆ ಬರುತ್ತಿವೆಯಾ ಅಂತ. ಅವರ ಮುಖ ಅರಳಿತು. 2020ರ ಸಮೀಕ್ಷೆಯಲ್ಲಿ ಈ ನೀರಲ್ಲಿ 55 ನೀಲಿ ತಿಮಿಂಗಿಲ ಕಂಡವಂತೆ.

ಕೊನೆಗೆ ಸಮಾಧಿಗೆ ಹೋದೆ. ಶ್ಯಾಕಲ್ಟನ್ ಸುತ್ತಮುತ್ತ ಮಲಗಿರುವವರಲ್ಲಿ ಹೆಚ್ಚಿನವರು ಇದೇ ಠಾಣೆಯ ಕೂಲಿಗಳು. ಅವರ ಕಲ್ಲುಗಳ ಮುಂದೂ ಒಂದೊಂದು ಗಳಿಗೆ ನಿಂತೆ, ಹೆಸರು ಓದುತ್ತಾ. ಅಷ್ಟರಲ್ಲಿ ದೋಣಿಯವರು ಕರೆದರು.