ಡಿಎನ್‌ಎ ಓದುವ ಪ್ರೋಟೀನ್: ಬಿಲ್ಲೆ, ಗೋಣಿದಾರದಲ್ಲೊಂದು ಮಾದರಿ

ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಹಾಲಿನ ಸಕ್ಕರೆ ಜೀರ್ಣಿಸುವ ಜೀನ್‌ಗಳನ್ನು ತಡೆಹಿಡಿಯುವ ಲ್ಯಾಕ್ ರಿಪ್ರೆಸರ್ ಎಂಬ ಪ್ರೋಟೀನ್ ಅಷ್ಟರಲ್ಲೂ ಇಪ್ಪತ್ತು ಚಿಲ್ಲರೆ ಜೋಡಿಗಳ ತನ್ನ ಜಾಗ ಹುಡುಕಿ ಕೂರುತ್ತದೆ, ಅದೂ ಎಳೆ ಬಿಚ್ಚದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಇದನ್ನು ಅಳತೆಗೆ ಸರಿಯಾಗಿ ಮಾಡಿ ತೋರಿಸಬಹುದು.

3 ಮಿ.ಮೀ. ದಪ್ಪದ ಸನ್‌ಬೋರ್ಡ್‌ನಲ್ಲಿ 6 ಸೆಂ.ಮೀ. ಅಗಲದ 20 ಬಿಲ್ಲೆ ಕತ್ತರಿಸಿ; ಒಂದೊಂದು ಬಿಲ್ಲೆಯೂ ಒಂದು ಅಕ್ಷರಜೋಡಿ. ರಟ್ಟು ಬೇಡ, ಮಡಿಕೇರಿಯ ಜುಲೈ ತಂಡಿಗೆ ಮೆತ್ತಗಾಗಿ ಬಾಗುತ್ತದೆ. ಬಿಲ್ಲೆಯ ಅಂಚಿನಲ್ಲಿ ಎರಡು ಎಳೆಗಳಿಗೆ ಎರಡು ಕಚ್ಚು ಹಾಕಿ, ನಡುವೆ 130 ಡಿಗ್ರಿ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ: ಎದುರುಬದುರು, 180 ಡಿಗ್ರಿಗೆ ಹಾಕಿದರೆ ಎಳೆಗಳ ನಡುವೆ ಸುತ್ತಿಕೊಂಡು ಹೋಗುವ ಎರಡು ತೋಡುಗಳೂ ಒಂದೇ ಅಗಲವಾಗುತ್ತವೆ. ನಿಜವಾದ ಡಿಎನ್‌ಎಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡ ತೋಡಿನ, ಅಂದರೆ ಕಚ್ಚುಗಳ ನಡುವೆ ಹೆಚ್ಚು ಅಗಲವಿರುವ ಬದಿಯನ್ನು ಅಂಚಿನಿಂದ 1.5 ಸೆಂ.ಮೀ. ಒಳಕ್ಕೆ ನೇರ ಕತ್ತರಿಸಿ.

ಆ ನೇರ ಅಂಚಿಗೆ, ಮೊದಲ ಎಳೆಯ ಕಡೆಯಿಂದ ಶುರುಮಾಡಿ, ಗುಂಡುಸೂಜಿ ಚುಚ್ಚಿ. ಎ-ಟಿಗೆ ಕೆಂಪು, ನೀಲಿ, ಕೆಂಪು, ಹಳದಿ; ಜಿ-ಸಿಗೆ ಕೆಂಪು, ಕೆಂಪು, ನೀಲಿ, ಬಿಳಿ. ಟಿ-ಎ, ಸಿ-ಜಿಗೆ ಇದೇ ಸಾಲು ತಿರುಗುಮುರುಗು. ಕೆಂಪು ಎಂದರೆ ಹೈಡ್ರೋಜನ್ ಬಂಧ ಸ್ವೀಕರಿಸುವ ಪರಮಾಣು, ನೀಲಿ ಕೊಡುವುದು, ಹಳದಿ ಮಿಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಗುಂಪು), ಬಿಳಿ ಬರೀ ಹೈಡ್ರೋಜನ್. ನಾಲ್ಕು ಜೋಡಿಗೂ ಬೇರೆಬೇರೆ ಸಾಲು! ಚಿಕ್ಕ ತೋಡಿನಲ್ಲಿ ಎ-ಟಿ, ಟಿ-ಎ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಪ್ರೋಟೀನ್ ಹೆಚ್ಚಾಗಿ ದೊಡ್ಡ ತೋಡಿಗೇ ಕೈ ಹಾಕುತ್ತದೆ.

ಜೋಡಿಸುವ ಕ್ರಮ: ಎಎಟಿಟಿಜಿಟಿಜಿಎಜಿಸಿ, ನಂತರ ಜಿಸಿಟಿಸಿಎಸಿಎಎಟಿಟಿ. ಇದು ಸಹಜ ತಾಣದ ತಿದ್ದಿದ ರೂಪ. ಒಂದನ್ನು ಎದುರಿನ ಎಳೆಯಲ್ಲಿ ಹಿಂದಿನಿಂದ ಓದಿದರೆ ಎರಡು ಅರ್ಧಗಳೂ ಪೂರ್ತಿ ಸರಿಸಾಟಿ. ಬಿಲ್ಲೆಗಳನ್ನು ಬಿದಿರು ಕಡ್ಡಿಗೆ ಪೋಣಿಸಿ, ನಡುನಡುವೆ 7 ಮಿ.ಮೀ. ಸ್ಟ್ರಾ ತುಂಡು ಹಾಕಿ. ಮೇಲೆ ಹೋದಂತೆ ಪ್ರತಿ ಬಿಲ್ಲೆಯನ್ನೂ, ಮೇಲಿನಿಂದ ನೋಡಿದಾಗ, ಗಡಿಯಾರದ ವಿರುದ್ಧ ದಿಕ್ಕಿಗೆ 34 ಡಿಗ್ರಿ ತಿರುಗಿಸಿ. ಕಚ್ಚುಗಳಲ್ಲಿ ಗೋಣಿದಾರ ಓಡಿಸಿ. ಇದು ಋಣ ವಿದ್ಯುದಂಶದ ಫಾಸ್ಫೇಟ್ ಬೆನ್ನೆಲುಬು. ಪ್ರೋಟೀನ್ ಮೊದಲು ಇದಕ್ಕೆ ಸಡಿಲವಾಗಿ ಅಂಟಿ ಜಾರುತ್ತಾ ಹುಡುಕುತ್ತದೆ.

ಪ್ರೋಟೀನಿನ, ತೋಡಿಗೆ ಇಳಿಯುವ ಎರಡು ತಲೆಗಳಿಗೆ ಜೇಡಿಮಣ್ಣಿನ ಎರಡು ಉರುಳೆ: 4 ಸೆಂ.ಮೀ. ಉದ್ದ, 3.5 ಸೆಂ.ಮೀ. ದಪ್ಪ. ಬಾಗಿಸಿದ ತಂತಿಯಿಂದ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 10.5 ಸೆಂ.ಮೀ. ಬರುವಂತೆ ಸೇರಿಸಿ. ಅದು ಡಿಎನ್‌ಎಯ ಸರಿಯಾಗಿ ಒಂದು ಸುತ್ತು, ಹಾಗಾಗಿ ಎರಡೂ ಒಂದೇ ಬದಿಯ ತೋಡಿಗೆ ಇಳಿಯುತ್ತವೆ. ತಂತಿಯನ್ನು 15 ಸೆಂ.ಮೀ.ಗೆ ಎಳೆದು ನೋಡಿ. ಒಂದು ಉರುಳೆ ತೋಡಿಗೆ ಬಿದ್ದರೆ ಇನ್ನೊಂದಕ್ಕೆ ಸಿಗುವುದು ಕಡ್ಡಿಯ ಹಿಂಬದಿಯ ತೋಡು. ಹಾಲಿನ ಸಕ್ಕರೆಯಿಂದಾದ ಅಲೋಲ್ಯಾಕ್ಟೋಸ್ ಬಂದು ಕೂತಾಗ ರಿಪ್ರೆಸರ್‌ನ ಇದೇ ಹೊಂದಾಣಿಕೆ ಕೆಡುತ್ತದೆ, ಹಿಡಿತ ಬಿಡುತ್ತದೆ. ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ತಯಾರಿಸುವ ಜೀನ್‌ಗಳನ್ನು ತಡೆಯುವ ಟ್ರಿಪ್ ರಿಪ್ರೆಸರ್‌ನದು ಉಲ್ಟಾ: ಟ್ರಿಪ್ಟೋಫಾನ್ ಸಿಕ್ಕಿದ ಮೇಲೆಯೇ ಅದರ ಎರಡು ತಲೆಗಳು ಸರಿಯಾದ ಅಂತರಕ್ಕೆ ಬರುತ್ತವೆ.