ಹಳೆಯ ವಾಲ್ವ್ ಆಂಪ್ ಕೊಂಡಿರಾ? ಪ್ಲಗ್‌ಗೆ ಹಾಕುವ ಮೊದಲು ಇಷ್ಟು ಮಾಡಿ

1960ರ ದಶಕದ ಅಮೆರಿಕನ್ ಗಿಟಾರ್ ಆಂಪ್‌ಗಳಲ್ಲಿ (ಗಾಜಿನ ವಾಲ್ವ್‌ಗಳಿಂದ ಶಬ್ದ ಹಿಗ್ಗಿಸುವ ಆಂಪ್ಲಿಫೈಯರ್‌ಗಳು) ಬಹುತೇಕ ಎಲ್ಲವೂ 120 ವೋಲ್ಟ್ ಆಸುಪಾಸಿನವು. ನಮ್ಮ 230 ವೋಲ್ಟ್‌ಗೆ ನೇರ ಹಾಕಿದರೆ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ. ಮೂಲ ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್‌ಗೆ ಸಂಗ್ರಹಕಾರರು ಅದೇ ಬೆಲೆ ಕೊಡುವುದಿಲ್ಲ.

ಕೊಳ್ಳುವಾಗಲೇ ವಯಸ್ಸು ಪತ್ತೆಮಾಡಿ. ಸ್ಪೀಕರಿನ ಲೋಹದ ಅಂಚಿನಲ್ಲಿ 220632 ಎಂದು ಒತ್ತಿದ್ದರೆ 220 ಎಂದರೆ ಜೆನ್ಸನ್ ಕಂಪನಿ, 6 ವರ್ಷದ ಕೊನೆಯ ಅಂಕಿ, 32 ವಾರ. ಅದು 1956ರದೋ 1966ರದೋ ಎಂಬುದನ್ನು ಮಾಡೆಲ್ ನೋಡಿ ತಿಳಿಯಬೇಕು. ಫೆಂಡರ್ ಕಂಪನಿಯ ಆಂಪ್‌ನ ಟ್ರಾನ್ಸ್‌ಫಾರ್ಮರ್ ಮೇಲಿನ ಸಂಖ್ಯೆ 606ರಿಂದ ಶುರುವಾದರೆ ಶುಮಾಕರ್ ಕಂಪನಿಯ ತಯಾರಿಕೆ; ಮುಂದಿನ ಅಂಕಿಗಳು ಇಲ್ಲೂ ವರ್ಷ, ವಾರ. ಸ್ಪೀಕರ್ 1966, ಟ್ರಾನ್ಸ್‌ಫಾರ್ಮರ್ 1974 ಎಂದು ಬಂದರೆ ಯಾವುದೋ ಒಂದು ಬದಲಾಗಿದೆ; ಚೌಕಾಸಿಗೆ ಅಷ್ಟು ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಟೆಪ್‌ಡೌನ್ (230 ವೋಲ್ಟನ್ನು ಆಂಪ್‌ಗೆ ಬೇಕಾದಷ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್) ಕೊಳ್ಳುವಾಗ ಎರಡು ಬೇರೆ ಬೇರೆ ವೈಂಡಿಂಗ್ ಇರುವುದನ್ನೇ ಕೇಳಿ, ಒಂದೇ ವೈಂಡಿಂಗ್‌ನ ಆಟೋ ಟ್ರಾನ್ಸ್‌ಫಾರ್ಮರ್ ಬೇಡ. 20 ವಾಟ್‌ನ ಆಂಪ್‌ಗೆ 300 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಇರಲಿ. ಔಟ್‌ಪುಟ್ 110 ವೋಲ್ಟ್ ಆದರೆ ಒಳ್ಳೆಯದು: 60 ಹರ್ಟ್ಸ್‌ಗೆಂದು ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ವೋಲ್ಟೇಜ್ ತುಸು ತಗ್ಗಿದರೆ ಆ ಹೊರೆ ಇಳಿಯುತ್ತದೆ. ವಾಲ್ವ್ ಹೀಟರ್‌ನಲ್ಲಿ 6.3 ವೋಲ್ಟ್ ಬದಲು 5.9 ಬಂದರೆ ತೊಂದರೆಯಿಲ್ಲ.

ಇನ್ನು ಮುಂದಿನ ಕೆಲಸ ವಾಲ್ವ್ ರೇಡಿಯೋ ಬಲ್ಲ ಮೆಕ್ಯಾನಿಕ್‌ನದು. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ (ಕರೆಂಟ್ ಹಿಡಿದಿಟ್ಟು ಸಮ ಮಾಡುವ ಭಾಗಗಳು) 400 ವೋಲ್ಟ್ ಉಳಿದಿರಬಹುದು. ಅದು ಪ್ರಾಣ ತೆಗೆಯುವಷ್ಟು. 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರ್ ಮೂಲಕ ಚಾಸಿಗೆ (ಆಂಪ್ ಒಳಗಿನ ಲೋಹದ ಚೌಕಟ್ಟು) ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಎರಡು ಪಿನ್ನಿನ ಹಳೆಯ ಕಾರ್ಡ್ ತೆಗೆದು ಮೂರು ಪಿನ್ನಿನದು ಹಾಕಿ, ಹಸಿರು ವೈರನ್ನು ಚಾಸಿಗೆ ಭದ್ರವಾಗಿ ಕಟ್ಟಿಸಿ. ಸ್ಟೆಪ್‌ಡೌನ್ ಸಾಕೆಟ್‌ನಲ್ಲೂ ಅರ್ಥಿಂಗ್ ಬರುತ್ತಿರಬೇಕು. ಮೇನ್ಸ್ ಲೈನ್‌ನಿಂದ ಚಾಸಿಗೆ ಹೋಗುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಕಿತ್ತು ಹಾಕಿಸಿ. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟ್.

ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಿಸುವಾಗ ಬಯಾಸ್ (ಪವರ್ ವಾಲ್ವ್‌ಗಳ ಕರೆಂಟನ್ನು ಹದದಲ್ಲಿಡುವ ವೋಲ್ಟೇಜ್) ಕೆಪಾಸಿಟರನ್ನು ಮರೆಯಬೇಡಿ. ಚಿಕ್ಕದು, ಎಲ್ಲರೂ ಬಿಡುತ್ತಾರೆ. ಅದು ಕೈಕೊಟ್ಟರೆ ಪವರ್ ವಾಲ್ವ್‌ಗಳ ಪ್ಲೇಟ್ ಕೆಂಪಗೆ ಕಾದು ವಾಲ್ವ್ ಹಾಳಾಗುತ್ತದೆ.

ಕೊನೆಗೆ ಸೀರೀಸ್ ಬಲ್ಬ್ ಪರೀಕ್ಷೆ. ಗೋಡೆಯ ಪ್ಲಗ್ ಮತ್ತು ಸ್ಟೆಪ್‌ಡೌನ್ ನಡುವೆ 100 ವಾಟ್‌ನ ಫಿಲಮೆಂಟ್ ಬಲ್ಬ್ ಇರಲಿ (ಎಲ್‌ಇಡಿ ನಡೆಯುವುದಿಲ್ಲ). ಮೊದಲು ವಾಲ್ವ್‌ಗಳಿಲ್ಲದೆ ಆನ್ ಮಾಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಆಮೇಲೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್), ನಂತರ ಉಳಿದ ವಾಲ್ವ್‌ಗಳು. ಸ್ಪೀಕರ್ ಜೋಡಿಸದೆ ಮಾತ್ರ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಬಿಚ್ಚಿದ ಭಾಗಗಳನ್ನೆಲ್ಲ ಕವರಿಗೆ ಹಾಕಿ, ತಾರೀಖು ಬರೆದು ಆಂಪ್ ಜೊತೆಗೇ ಇಡಿ. ಮುಂದೆ ಕೊಳ್ಳುವವರು ಅದನ್ನೇ ಮೊದಲು ಕೇಳುತ್ತಾರೆ.