ಹಳೇ ಬಂಕಿನ ಜಾಗ ಕೊಳ್ಳುವ ಮುಂಚೆ ಮಣ್ಣು ಪರೀಕ್ಷೆ ಹೇಗೆ?

ಹಾಸನದ ಕಡೆ ಮಣ್ಣು ಪರೀಕ್ಷೆ ಯಾರಿಗೂ ಹೊಸದಲ್ಲ. ಆಲೂಗೆಡ್ಡೆ ಹಾಕುವ ಮುಂಚೆ ಹೊಲದ ನಾಲ್ಕಾರು ಕಡೆ ಅರ್ಧ ಅಡಿ ಅಗೆಯುತ್ತೇವೆ. ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಚೀಲಕ್ಕೆ ತುಂಬಿ ಕಳಿಸುತ್ತೇವೆ. ಹಳೇ ಪೆಟ್ರೋಲ್ ಬಂಕಿನ ಜಾಗ ಕೊಳ್ಳುವವರೂ ಮಣ್ಣಿಗೆ ಪೆಟ್ರೋಲ್ ಸೋರಿದೆಯೇ ಎಂದು ನೋಡಲು ಹೀಗೇ ಮಾಡಿದರೆ ಕೆಲಸ ಕೆಟ್ಟಿತು. ಪೆಟ್ರೋಲ್ ಆವಿಯಾಗಿ ಹಾರಿಹೋಗುವಂಥದ್ದು. ಬೆರೆಸಿ ಒಣಗಿಸಿದ ಮಣ್ಣಲ್ಲಿ ಅದು ಉಳಿದಿರುತ್ತಾ? ವರದಿ ಮಾತ್ರ ಚೊಕ್ಕವಾಗಿ ಬರುತ್ತದೆ.

ಮೊದಲು ಜಾಗದ ಹಿನ್ನೆಲೆ ಕೆದಕಿ. ಟ್ಯಾಂಕ್ ಎಷ್ಟಿದ್ದವು, ಪೈಪು ಯಾವ ಕಡೆ ಹೋಗಿದೆ ಎಂಬ ನಕ್ಷೆ ಕೇಳಿ. ದಿನಾ ಟ್ಯಾಂಕಿಗೆ ಡಿಪ್ ರಾಡ್ (ಅಳತೆ ಕೋಲು) ಇಳಿಸಿ ಬರೆದ ಸ್ಟಾಕ್ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು. ಲೆಕ್ಕ ಒಂದೇ ಸಮ ಕಡಿಮೆ ಬರುತ್ತಿದ್ದರೆ ಅನುಮಾನ ಪಡಿ. ಬಂಕ್ 2000ದ ಫೆಬ್ರವರಿಗಿಂತ ಹಳೆಯದಾಗಿದ್ದರೆ ಸೀಸದ ಪರೀಕ್ಷೆಯನ್ನೂ ಸೇರಿಸಿ. ಅಲ್ಲಿಯವರೆಗೆ ಸೀಸ ಬೆರೆತ ಪೆಟ್ರೋಲ್ ಮಾರುತ್ತಿದ್ದರು.

ಸೋರಿದ್ದು ಟ್ಯಾಂಕೇ ಆಗಿರಬೇಕೆಂದಿಲ್ಲ. ಲಾರಿಯಿಂದ ಪೆಟ್ರೋಲ್ ಇಳಿಸುವ ಬಾಯಿ, ಪೈಪಿನ ಜಾಯಿಂಟ್, ಪಂಪ್ ನಿಂತಿದ್ದ ಜಾಗ, ಇಳಿಜಾರಿನ ಕಡೆ ಒಂದೆರಡು ಗುಂಡಿ ಕೊರೆಸಿ. ಹೋಲಿಸಿ ನೋಡಲು ಮೇಲ್ಗಡೆಯೂ ಒಂದಿರಲಿ. ಟ್ಯಾಂಕಿನ ತಳ ಸಾಮಾನ್ಯವಾಗಿ ಹತ್ತು ಹನ್ನೆರಡು ಅಡಿ ಆಳದಲ್ಲಿರುತ್ತದೆ. ಕೊರೆತ ಅದನ್ನೂ ದಾಟಬೇಕು. ಇದನ್ನು ಗೊತ್ತಿರುವವರಿಂದಲೇ ಮಾಡಿಸಿ. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ, ಒಂದು ಕಿಡಿ ಸಾಕು.

ಮೂರಡಿಗೊಮ್ಮೆ ಬಂದ ಮಣ್ಣನ್ನು ಗಾಜಿನ ಜಾಡಿಗೆ ಅರ್ಧ ತುಂಬಿ, ಬಾಯಿಗೆ ಅಲ್ಯುಮಿನಿಯಂ ಹಾಳೆ ಬಿಗಿಯುತ್ತಾರೆ. ಕುಲುಕಿ ಹತ್ತು ನಿಮಿಷ ಬಿಟ್ಟು, ಹಾಳೆ ಚುಚ್ಚಿ ಆವಿ ಅಳೆಯುವ ಪಿಐಡಿ ಮೀಟರ್ ತೂರಿಸುತ್ತಾರೆ. ಅಂಕಿ ಏರಿದ ಆಳವೇ ಲ್ಯಾಬಿಗೆ ಕಳಿಸಬೇಕಾದ ಮಣ್ಣು. ಮೂಗಿಟ್ಟು ವಾಸನೆ ನೋಡಲು ಹೋಗಬೇಡಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುತ್ತದೆ.

ಲ್ಯಾಬಿಗೆ ಜಾಡಿಯ ಮಣ್ಣು ಬೇಡ. ಅದೇ ಆಳದ ತಾಜಾ ಮಣ್ಣನ್ನು ತುದಿ ಕತ್ತರಿಸಿದ ಸಿರಿಂಜಿನಲ್ಲಿ 5 ಗ್ರಾಂ ತೆಗೆಯಬೇಕು. ಲ್ಯಾಬಿನವರು ಆವಿ ಹಾರದಂತೆ ಹಿಡಿದಿಡುವ ಮೆಥನಾಲ್ ದ್ರವ ಹಾಕಿ ಕೊಟ್ಟ ಸೀಸೆಗೆ ತಕ್ಷಣ ಒತ್ತಿ, ಅಂಚಿನ ಮಣ್ಣು ಒರೆಸಿ ಮುಚ್ಚಳ ಬಿಗಿಯಬೇಕು. ಅಂಚಿನಲ್ಲಿ ಒಂದು ಹರಳು ಉಳಿದರೂ ಆವಿ ಸೋರುತ್ತದೆ. ಗುಂಡಿಯ ಹೆಸರು, ಆಳ, ಹೊತ್ತು ಬರೆದು ಐಸ್ ಪೆಟ್ಟಿಗೆಯಲ್ಲಿಡಿ. ಸುಮಾರು 4 ಡಿಗ್ರಿ ತಂಪಿರಬೇಕು, 14 ದಿನದೊಳಗೆ ಪರೀಕ್ಷೆ ಮುಗಿಯಬೇಕು.

ಸಾರಜನಕ, ರಂಜಕ ನೋಡುವ ಕೃಷಿ ಲ್ಯಾಬಿನಲ್ಲಿ ಇದು ಆಗುವುದಿಲ್ಲ. ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಆವಿಯಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್ ಹುಡುಕಿ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲುವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ನಾಲ್ಕರ ಅಂಕಿಯೂ ಬೇರೆಬೇರೆ ಬೇಕು ಎಂದು ಮೊದಲೇ ಹೇಳಿ.

ಇಳಿಜಾರಿನಲ್ಲಿ ಬಾವಿಯಿದ್ದರೆ ನೀರನ್ನೂ ಕಳಿಸಿ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರು ಮೇಲೇರಿದಾಗ ಅದೂ ಜೊತೆಗೇ ಏರುತ್ತದೆ. ಕುಡಿಯುವ ನೀರಿನ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಜಾಸ್ತಿ ಬಂದರೆ ಕುದಿಸಿ ಕುಡಿಯೋಣ ಅನ್ನಬೇಡಿ, ಆ ಆವಿ ಅಡುಗೆಮನೆ ತುಂಬಿಕೊಳ್ಳುತ್ತದೆ.